ಡಿಕಾಕ್ಷನ್ ಕೈಕೊಟ್ಟಾಗ: ಮನೆಯ ಕಾಫಿಯಲ್ಲಿ ದೋಷ ಹುಡುಕುವ ಬಗೆ

ಮನೆಯಲ್ಲಿ ಕಾಫಿ ಕೆಟ್ಟಿತೆಂದರೆ ಮೊದಲು ಬೈಸಿಕೊಳ್ಳುವುದು ಪುಡಿ. ಅಂಗಡಿಯವನು ಚಿಕೋರಿ ಜಾಸ್ತಿ ಸುರಿದಿದ್ದಾನೆ, ಬೀಜ ಹಳೆಯದು, ಹುರಿದದ್ದು ಸಾಲದು ಎಂದೆಲ್ಲ ಹೇಳಿ ಅಂಗಡಿ ಬದಲಿಸುತ್ತೇವೆ. ಹೊಸ ಪುಡಿ ತಾಜಾ ಇರುವಷ್ಟು ದಿನ ಕಾಫಿ ಪರವಾಗಿಲ್ಲ ಅನ್ನಿಸುತ್ತದೆ, ಆಮೇಲೆ ಮತ್ತೆ ಅದೇ ರಾಗ. ಪುಡಿಯದು ತಪ್ಪೇ ಇರುವುದಿಲ್ಲ ಎಂದಲ್ಲ. ಆದರೆ ಅದನ್ನು ಅನುಮಾನಿಸುವ ಸರದಿ ಕೊನೆಯಲ್ಲಿ ಬರಬೇಕು. ಅದಕ್ಕೂ ಮೊದಲು ನೋಡಬೇಕಾದದ್ದು ಗಡಿಯಾರ. ಡಿಕಾಕ್ಷನ್ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದೊಂದು ಗೊತ್ತಾದರೆ, ಸ್ಟೀಲ್ ಫಿಲ್ಟರ್‌ನ ಮುಕ್ಕಾಲು ಪಾಲು ದೋಷಗಳು ತಾವಾಗಿ ಎರಡು ಗುಂಪಾಗಿ ಬೀಳುತ್ತವೆ: ತೀರಾ ನಿಧಾನ, ಇಲ್ಲವೇ ತೀರಾ ಬೇಗ. ಉಳಿದ ಕಾಲು ಪಾಲು ನೀರು, ಹಾಲು ಮತ್ತು ತೊಳೆಯದ ಪಾತ್ರೆಗೆ ಸೇರಿದ್ದು.

ಒಂದು ಷರತ್ತು ಮಾತ್ರ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪುಡಿಯನ್ನೂ ಬದಲಿಸಿ, ನೀರನ್ನೂ ಹೆಚ್ಚಿಸಿ, ಪುಡಿಯ ಮೇಲೆ ಕೂರುವ ಬಿಲ್ಲೆಯನ್ನೂ ಸಡಿಲ ಬಿಟ್ಟರೆ ಕಾಫಿ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ.

ಸರಿಯಿದ್ದರೆ ಹೇಗಿರುತ್ತದೆ

ಇಬ್ಬರಿಗೆ ಆಗುವ ಫಿಲ್ಟರ್‌ನ ಲೆಕ್ಕ ಹಿಡಿಯೋಣ. ಮೇಲಿನ ಪಾತ್ರೆಗೆ ಸುಮಾರು 25 ಗ್ರಾಂ ಪುಡಿ, ಅಂದರೆ ದೊಡ್ಡ ಚಮಚದಲ್ಲಿ ಗೋಪುರ ಬರುವಂತೆ ಮೂರು. ಅದನ್ನು ಸಮ ಮಾಡಿ, ಹಿಡಿಯಿರುವ ಬಿಲ್ಲೆಯನ್ನು ಮೆಲ್ಲಗೆ ಕೂರಿಸಿ, ಕುದಿ ಬಂದು ಅರ್ಧ ನಿಮಿಷ ಆರಿದ ನೀರು 120 ಮಿಲಿ. ಮೊದಲ ಹನಿಗಳು ಹೆಚ್ಚುಕಡಿಮೆ ಕೂಡಲೇ ಬೀಳಬೇಕು. ಪೂರ್ತಿ ಇಳಿಯಲು 10ರಿಂದ 20 ನಿಮಿಷ. ಈ ಅಂತರದೊಳಗೆ ಎಲ್ಲಿ ಬಿದ್ದರೂ ಫಿಲ್ಟರ್ ಆರೋಗ್ಯವಾಗಿದೆ.

ಇಲ್ಲಿ ಒಂದು ಸುಳ್ಳು ದೂರನ್ನು ಬದಿಗಿಡಬೇಕು. "120 ಹಾಕಿದರೆ ಕೆಳಗೆ 70 ಕೂಡ ಬರಲ್ಲ, ಎಲ್ಲೋ ಸೋರುತ್ತಿದೆ" ಎನ್ನುವವರಿದ್ದಾರೆ. ಸೋರುತ್ತಿಲ್ಲ. ಕಾಫಿಪುಡಿ ತನ್ನ ತೂಕದ ಸುಮಾರು ಎರಡು ಪಟ್ಟು ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. 25 ಗ್ರಾಂ ಪುಡಿ 50 ಮಿಲಿ ನುಂಗಿದರೆ ಉಳಿಯುವುದು 70. ಅಷ್ಟು ಬಂದರೆ ಸಾಕು, ಎರಡು ಲೋಟಕ್ಕೆ ಸರಿಹೋಗುತ್ತದೆ.

ಇನ್ನೊಂದು ಪರೀಕ್ಷೆ ನಾಲಗೆಯದು. ದೋಷ ಡಿಕಾಕ್ಷನ್‌ನಲ್ಲಿದೆಯೋ ಹಾಲಿನಲ್ಲಿದೆಯೋ ಎಂದು ತಿಳಿಯದೆ ಮುಂದೆ ಹೋಗಬೇಡಿ. ಒಂದು ಚಮಚ ಡಿಕಾಕ್ಷನ್‌ಗೆ ಮೂರು ಚಮಚ ಬಿಸಿನೀರು ಬೆರೆಸಿ, ಸಕ್ಕರೆ ಹಾಲು ಎರಡೂ ಇಲ್ಲದೆ ಕುಡಿದು ನೋಡಿ. ಹಾಗೆ ಕುಡಿದಾಗ ಚೆನ್ನಾಗಿದ್ದು, ಲೋಟದಲ್ಲಿ ಕೆಟ್ಟಿದ್ದರೆ ಫಿಲ್ಟರ್ ಬಿಟ್ಟು ಹಾಲಿನ ಭಾಗಕ್ಕೆ ನೇರವಾಗಿ ಹೋಗಬಹುದು.

ಇಳಿಯುತ್ತಲೇ ಇಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಬೆಳಿಗ್ಗೆ ಆರು ಗಂಟೆಗೆ ನೀರು ಹಾಕಿದ್ದು, ಏಳಾದರೂ ಕೆಳಗಿನ ಪಾತ್ರೆಯಲ್ಲಿ ತಳ ಮುಚ್ಚುವಷ್ಟೂ ಇಲ್ಲ. ಆಗ ಎಲ್ಲರೂ ಮಾಡುವ ಕೆಲಸವೆಂದರೆ ಚಮಚದಿಂದ ಫಿಲ್ಟರ್‌ನ ಪಕ್ಕಕ್ಕೆ ಟಣಟಣ ಬಡಿಯುವುದು. ಬಡಿದಾಗ ನಾಲ್ಕು ಹನಿ ಬೀಳುತ್ತವೆ ನಿಜ. ಆದರೆ ಆ ಅಲುಗಾಟಕ್ಕೆ ಹಿಟ್ಟಿನಂಥ ನುಣುಪು ಪುಡಿ ಕೆಳಕ್ಕೆ ಜಾರಿ ತೂತುಗಳ ಮೇಲೆ ಕೂರುತ್ತದೆ, ಮುಂದಿನ ಹನಿಗಳು ಇನ್ನೂ ತಡ. ಒಳಗೆ ಚಮಚ ಹಾಕಿ ಕಲಕುವುದೂ ಇದೇ ಜಾತಿಯದು.

ಬಡಿಯುವ ಬದಲು ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿ, ಸ್ವಲ್ಪ ತಿರುಗಿಸಿ ಬಿಡಿ. ಹಾಗೆ ಮಾಡಿದ ಕೂಡಲೇ ಹನಿ ಧಾರೆಯಾದರೆ ದೋಷ ಪುಡಿಯಲ್ಲೂ ಇಲ್ಲ, ತೂತಿನಲ್ಲೂ ಇಲ್ಲ. ಗಾಳಿ ಸಿಕ್ಕಿಹಾಕಿಕೊಂಡಿತ್ತು, ಅಷ್ಟೇ. ಕೆಳಗಿನ ಪಾತ್ರೆ ಖಾಲಿಯಿದೆ ಅನ್ನುತ್ತೇವೆ, ಅದರ ತುಂಬ ಗಾಳಿ ಇರುತ್ತದೆ. ಒಂದು ಹನಿ ಒಳಗೆ ಬರಬೇಕಾದರೆ ಅಷ್ಟು ಗಾಳಿ ಹೊರಗೆ ಹೋಗಬೇಕು. ಎರಡು ಪಾತ್ರೆಗಳ ಬಾಯಿ ತೀರಾ ಬಿಗಿಯಾಗಿ ಕೂತಿದ್ದರೆ ಅದಕ್ಕೆ ದಾರಿಯಿಲ್ಲ. ಸಾಲದ್ದಕ್ಕೆ ಮೇಲಿನ ಬಿಸಿಗೆ ಆ ಗಾಳಿ ಹಿಗ್ಗಿ ಕೆಳಗಿನಿಂದ ಒತ್ತುತ್ತದೆ. ಹೊಸ ಸ್ಟೀಲ್ ಫಿಲ್ಟರ್‌ಗಳಲ್ಲಿ ಇದು ಜಾಸ್ತಿ, ಹಳೆಯವು ಬಿದ್ದು ಎದ್ದು ಬಾಯಿ ಸೊಟ್ಟಗಾಗಿರುವುದರಿಂದ ಈ ತಾಪತ್ರಯ ಇಲ್ಲ. ಪರಿಹಾರವೂ ಸುಲಭ: ಎರಡು ಪಾತ್ರೆಗಳ ನಡುವೆ, ಅಂಚಿನಲ್ಲಿ, ಒಂದು ತೆಳು ದಾರದ ತುಂಡು ಇಟ್ಟು ಕೂರಿಸಿದರೆ ಗಾಳಿಗೆ ದಾರಿಯಾಗುತ್ತದೆ. ಮೇಲಿನ ಮುಚ್ಚಳವನ್ನೂ ಒತ್ತಿ ಮುಚ್ಚದೆ ಸುಮ್ಮನೆ ಮೇಲಿಡಿ.

ಎತ್ತಿದರೂ ಇಳಿಯದಿದ್ದರೆ ಮುಂದಿನ ಅನುಮಾನ ತೂತುಗಳದ್ದು. ಅದನ್ನು ಖಾಲಿ ಫಿಲ್ಟರ್‌ನಲ್ಲಿ ಪರೀಕ್ಷಿಸಬೇಕು. ತೊಳೆದ ಮೇಲಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಳ ನೋಡಿ. ಎಲ್ಲ ತೂತುಗಳಲ್ಲೂ ಬೆಳಕಿನ ಚುಕ್ಕೆ ಕಾಣಬೇಕು. ಅಂಚಿನ ಸಾಲು ಪೂರ್ತಿ ಕಪ್ಪಾಗಿದ್ದು ನಡುವೆ ಮಾತ್ರ ಚುಕ್ಕೆಗಳಿದ್ದರೆ ಅಲ್ಲಿಗೆ ರೋಗ ಸಿಕ್ಕಿತು. ಪುಡಿಯಿಲ್ಲದೆ ಬರಿ ನೀರು ಹಾಕಿ ನೋಡಿದರೂ ಗೊತ್ತಾಗುತ್ತದೆ. ಆರೋಗ್ಯವಾದ ಫಿಲ್ಟರ್‌ನಿಂದ ಬರಿ ನೀರು ಮಳೆಯಂತೆ ಸುರಿದು ಕ್ಷಣಗಳಲ್ಲಿ ಖಾಲಿಯಾಗುತ್ತದೆ. ಹನಿಹನಿಯಾಗಿ ಬಿದ್ದರೆ ಎಷ್ಟೇ ಒಳ್ಳೆಯ ಪುಡಿ ತಂದರೂ ಪ್ರಯೋಜನವಿಲ್ಲ.

ತೂತು ಮುಚ್ಚುವ ಕೊಳೆಯಲ್ಲಿ ಎರಡು ಬಗೆ ಇದೆ, ಎರಡಕ್ಕೂ ಔಷಧ ಬೇರೆ. ಕಂದು ಬಣ್ಣದ, ಬೆರಳಿಗೆ ಜಿಡ್ಡೆನಿಸುವುದು ಕಾಫಿ ಎಣ್ಣೆಯದು. ಅದಕ್ಕೆ ಸೋಡಾ ಹಾಕಿದ ಬಿಸಿನೀರು ಬೇಕು. ಬಿಳಿಯ, ಉಗುರಿಗೆ ಗರಗರ ಸಿಗುವುದು ಬೋರ್‌ವೆಲ್ ನೀರಿನ ಸುಣ್ಣ. ಅದಕ್ಕೆ ಹುಣಸೆಹುಳಿ, ನಿಂಬೆರಸ ಅಥವಾ ವಿನೆಗರ್. ಎರಡನ್ನೂ ಒಟ್ಟಿಗೆ ಸುರಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚೆಂದ, ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಕೊಳೆ ಅಲ್ಲೇ ಉಳಿಯುತ್ತದೆ. ಮೊದಲು ಸೋಡಾ, ತೊಳೆದು, ಆಮೇಲೆ ಹುಳಿ. ಅರ್ಧ ಗಂಟೆ ನೆನೆಸಿ, ಹೊರಗಿನ ಕಡೆಯಿಂದ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿ. ಸೂಜಿ ಚುಚ್ಚುವುದಾದರೆ ತೂತು ದೊಡ್ಡದಾಗದಂತೆ ಎಚ್ಚರವಿರಲಿ, ಒಮ್ಮೆ ಅಗಲವಾದ ತೂತು ಮತ್ತೆ ಕಿರಿದಾಗುವುದಿಲ್ಲ. ಆಮೇಲೆ ಲೋಟದ ತಳದಲ್ಲಿ ಗಸಿ ನಿಲ್ಲುವುದು ಶುರು.

ಖಾಲಿ ಮೇಲಿನ ಪಾತ್ರೆಯನ್ನು ಗ್ಯಾಸ್ ಉರಿಯ ಮೇಲೆ ಹಿಡಿದು ಕೊಳೆ ಸುಟ್ಟು ಬೂದಿ ಮಾಡುವ ಕ್ರಮ ಅನೇಕ ಮನೆಗಳಲ್ಲಿದೆ. ದಪ್ಪ ಸ್ಟೀಲ್‌ಗೆ ಪರವಾಗಿಲ್ಲ. ಅಜ್ಜಿ ಕಾಲದ ಹಿತ್ತಾಳೆ ಫಿಲ್ಟರ್‌ಗೆ ಮಾತ್ರ ಬೇಡವೇ ಬೇಡ. ಒಳಗಿನ ಕಲಾಯಿ ತವರದ್ದು, ತವರ 232 ಡಿಗ್ರಿಗೆ ಕರಗುತ್ತದೆ, ಒಲೆಯ ಉರಿ ಅದಕ್ಕಿಂತ ಬಹಳ ಮೇಲೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಡಿಕಾಕ್ಷನ್ ಇಳಿಸಿದರೆ ಲೋಹದ ಕಿಲುಬು ರುಚಿ ಬರುತ್ತದೆ, ಅದನ್ನು ಯಾವ ಪುಡಿಯೂ ಮುಚ್ಚಲಾರದು.

ತೂತು ಸರಿಯಿದ್ದು, ಗಾಳಿಯ ತೊಂದರೆಯೂ ಇಲ್ಲವೆಂದ ಮೇಲೆ ಪುಡಿಯ ಕಡೆ ತಿರುಗಬಹುದು. ಇಲ್ಲಿ ಮೂರು ಸಂಗತಿಗಳಿವೆ. ಬಿಲ್ಲೆಯನ್ನು ಒತ್ತಿದ್ದು ಜಾಸ್ತಿಯಾಯಿತೇ? ಬಿಲ್ಲೆ ಇರುವುದು ನೀರು ಒಂದೇ ಕಡೆ ಬಿದ್ದು ಪುಡಿಯಲ್ಲಿ ಗುಂಡಿ ತೋಡದಿರಲಿ ಎಂದು, ಪುಡಿಯನ್ನು ಗಾರೆ ಮಾಡಲಿಕ್ಕಲ್ಲ. ಅದರದೇ ಭಾರ ಸಾಕು. ಎರಡನೆಯದು ಪುಡಿಯ ನಯ. ಬೆರಳುಗಳ ನಡುವೆ ಉಜ್ಜಿದರೆ ಸಣ್ಣ ರವೆಯಷ್ಟು ತರಿ ಸಿಗಬೇಕು, ಮೈದಾದಂತೆ ಜಾರಿದರೆ ಫಿಲ್ಟರ್‌ಗೆ ಆಗದು. ಮನೆಯಲ್ಲೇ ಮಿಕ್ಸಿಯಲ್ಲಿ ಬೀಜ ಪುಡಿ ಮಾಡುವವರ ಕಷ್ಟ ಇನ್ನೂ ದೊಡ್ಡದು. ಮಿಕ್ಸಿಯ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಕಡಿಯುತ್ತದೆ, ಆದ್ದರಿಂದ ಹಿಟ್ಟೂ ಇರುತ್ತದೆ, ನುಚ್ಚೂ ಇರುತ್ತದೆ. ಹಿಟ್ಟು ತೂತು ಮುಚ್ಚಿ ಕಹಿ ಬಿಡುತ್ತದೆ, ನುಚ್ಚು ತನ್ನ ರುಚಿ ಬಿಡದೆ ಹಾಗೇ ಕೂರುತ್ತದೆ. ನಿಧಾನವೂ ಆಗಿ, ಕಹಿಯೂ ಆಗಿ, ಸಪ್ಪೆಯೂ ಆಗಿರುವ ಡಿಕಾಕ್ಷನ್ ಕಂಡರೆ ಕಾರಣ ಮಿಕ್ಸಿ ಎಂದು ಹೆಚ್ಚು ಯೋಚಿಸದೆ ಹೇಳಬಹುದು. ಬಿಟ್ಟು ಬಿಟ್ಟು ತಿರುಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ನುಚ್ಚನ್ನು ಮತ್ತೆ ಹಾಕಿದರೆ ಅರ್ಧ ವಾಸಿ.

ಮೂರನೆಯದು ಚಿಕೋರಿ. ಹುರಿದ ಚಿಕೋರಿ ಬೇರಿನ ಪುಡಿ ನೀರು ಕುಡಿದು ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಹರಿವನ್ನು ತಡೆಯುತ್ತದೆ. ನಮ್ಮ ಗಟ್ಟಿ ಡಿಕಾಕ್ಷನ್‌ನ ಗುಟ್ಟಿನಲ್ಲಿ ಒಂದು ಪಾಲು ಇದೇ: ನೀರು ನಿಧಾನವಾಗಿ ಇಳಿದಷ್ಟೂ ಪುಡಿಯ ಸತ್ವ ಹೆಚ್ಚು ಹೀರುತ್ತದೆ. ಆದರೆ 80-20ರ, ಅಂದರೆ 80 ಭಾಗ ಕಾಫಿ 20 ಭಾಗ ಚಿಕೋರಿಯ ಪುಡಿಗೆ ಒಗ್ಗಿದ ಕೈ 60-40 ತಂದು ಅದೇ ಅಳತೆ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುವುದು ಸಹಜ. ಆಗ ಪುಡಿಯನ್ನು ಒಂದು ಚಮಚ ಕಡಿಮೆ ಮಾಡಿ, ಬಿಲ್ಲೆಯನ್ನು ಮುಟ್ಟಿಸಿಯೂ ಮುಟ್ಟಿಸದಂತೆ ಇಡಿ.

ಇಷ್ಟೆಲ್ಲ ಓದುವಷ್ಟು ವ್ಯವಧಾನ ಬೆಳಿಗ್ಗೆ ಯಾರಿಗಿರುತ್ತದೆ? ನೆಂಟರು ಕೂತಿದ್ದಾರೆ, ಫಿಲ್ಟರ್ ಮುಷ್ಕರ ಹೂಡಿದೆ ಎಂದಾದರೆ, ಮೇಲಿನ ಪಾತ್ರೆಯಲ್ಲಿರುವುದನ್ನೆಲ್ಲ ಒಂದು ಪಾತ್ರೆಗೆ ಸುರಿದು, ಅರ್ಧ ಲೋಟ ಬಿಸಿನೀರು ಸೇರಿಸಿ, 4 ನಿಮಿಷ ಮುಚ್ಚಿಟ್ಟು ತೆಳು ಬಟ್ಟೆಯಲ್ಲಿ ಸೋಸಿಬಿಡಿ. ಒಲೆಯ ಮೇಲೆ ಮಾತ್ರ ಇಡಬೇಡಿ. ಬಂದದ್ದು ಫಿಲ್ಟರ್ ಕಾಫಿಯಷ್ಟು ಗಟ್ಟಿಯಿರುವುದಿಲ್ಲ, ಆದರೆ ಮಾನ ಉಳಿಯುತ್ತದೆ.

ಸರ್ರನೆ ಇಳಿದು ನೀರುನೀರಾಗಿದೆ

ಇದರ ಸಾಕ್ಷಿ ಚರಟದಲ್ಲಿರುತ್ತದೆ. ಡಿಕಾಕ್ಷನ್ ಇಳಿದ ಮೇಲೆ ಬಿಲ್ಲೆ ತೆಗೆದು, ಚರಟವನ್ನು ಕಸಕ್ಕೆ ಬಡಿಯುವ ಮೊದಲು ಒಮ್ಮೆ ಬಗ್ಗಿ ನೋಡಿ. ಮೇಲ್ಮೈ ಸಮವಾಗಿ, ಒದ್ದೆಯಾಗಿ, ಒಂದೇ ಬಣ್ಣದಲ್ಲಿದ್ದರೆ ನೀರು ಎಲ್ಲ ಕಡೆಯೂ ಹಾದಿದೆ. ಒಂದು ಬದಿಯಲ್ಲಿ ಬಾವಿಯಂಥ ಗುಂಡಿ ಇದ್ದರೆ ನೀರು ಅಲ್ಲೇ ದಾರಿ ಕೊರೆದುಕೊಂಡು ಇಳಿದುಹೋಗಿದೆ, ಉಳಿದ ಪುಡಿ ಸುಮ್ಮನೆ ನೆನೆದಿದೆ. ಚಮಚದಿಂದ ಅರ್ಧಕ್ಕೆ ಕತ್ತರಿಸಿ ನೋಡಿದಾಗ ಒಳಗೆ ಒಣಪುಡಿಯ ತಿಳಿಬಣ್ಣದ ಗೂಡು ಸಿಕ್ಕಿದರೆ ಅಷ್ಟು ಪುಡಿ ದಂಡ.

ಒಣಗೂಡಿಗೆ ಕಾರಣ ನೀರನ್ನು ಒಮ್ಮೆಲೇ ಸುರಿಯುವುದು. ಹೊಸದಾಗಿ ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಬಿಸಿನೀರು ತಗುಲಿದಾಗ ಅದು ಹೊರಗೆ ಬಂದು ಪುಡಿಯನ್ನು ಉಬ್ಬಿಸುತ್ತದೆ, ಬಿಲ್ಲೆಯನ್ನೂ ಎತ್ತಿಹಾಕುತ್ತದೆ, ನೀರು ಪಕ್ಕದಿಂದ ನುಸುಳಿ ಇಳಿಯುತ್ತದೆ. ಪುಡಿ ತೋಯುವಷ್ಟು, ಅಂದರೆ ಎರಡು ಮೂರು ಚಮಚ ನೀರು ಮೊದಲು ಸುತ್ತಲೂ ಹಾಕಿ, ಅರ್ಧ ನಿಮಿಷ ಕಾದು, ಉಬ್ಬು ಇಳಿದ ಮೇಲೆ ಉಳಿದದ್ದನ್ನು ಬಿಲ್ಲೆಯ ಮೇಲೆ ಬೀಳುವಂತೆ ಮೆಲ್ಲಗೆ ಸುರಿಯಿರಿ. ಈ ಉಬ್ಬು ಬರದೇ ಹೋದರೆ, ಅಲ್ಲಿಗೆ ಪುಡಿ ಹಳೆಯದಾಗಿದೆ ಎಂದೂ ಗೊತ್ತಾಯಿತು.

ಇದಕ್ಕಿಂತಲೂ ಸಾಮಾನ್ಯವಾದ ಕಾರಣ ಪಾತ್ರೆಯ ಗಾತ್ರ. ಮದುವೆಯಲ್ಲಿ ಬಂದ ಎಂಟು ಲೋಟದ ಫಿಲ್ಟರ್‌ನಲ್ಲಿ ಇಬ್ಬರಿಗೆ ಕಾಫಿ ಇಳಿಸುವ ಮನೆಗಳು ಎಷ್ಟೋ. ಅಗಲ ತಳದಲ್ಲಿ ಮೂರು ಚಮಚ ಪುಡಿ ಹರಡಿದರೆ ಹಾಸು ದೋಸೆಯಷ್ಟು ತೆಳು. ನೀರು ಅದರಲ್ಲಿ ನಿಲ್ಲುವುದಾದರೂ ಹೇಗೆ? ಪುಡಿಯ ಹಾಸು ಹೆಬ್ಬೆರಳಿನ ಅಗಲದಷ್ಟಾದರೂ, ಅಂದರೆ ಸುಮಾರು 2 ಸೆಂಟಿಮೀಟರ್ ದಪ್ಪ ಇರಬೇಕು. ಇಲ್ಲವಾದರೆ ಚಿಕ್ಕ ಫಿಲ್ಟರ್ ಕೊಳ್ಳಿ. ಪುಡಿಗೆ ವರ್ಷಪೂರ್ತಿ ಹಾಳು ಮಾಡುವ ದುಡ್ಡಿಗಿಂತ ಅದು ಅಗ್ಗ.

ಹೊರದೇಶದಲ್ಲಿರುವ ನಮ್ಮವರಿಗೆ ಮೂರನೇ ಕಾರಣವೊಂದಿದೆ. ಅಲ್ಲಿನ ಅಂಗಡಿಯಲ್ಲಿ ಸಿಗುವ ಪುಡಿ ಹೆಚ್ಚಾಗಿ ಕಾಗದದ ಫಿಲ್ಟರ್ ಹಾಕುವ ಯಂತ್ರಕ್ಕೆಂದು ಬೀಸಿದ್ದು, ನಮ್ಮ ಸ್ಟೀಲ್ ಫಿಲ್ಟರ್‌ಗೆ ದಪ್ಪವಾಯಿತು, ಚಿಕೋರಿಯೂ ಇರುವುದಿಲ್ಲ. ಬೀಜ ಕೊಂಡು, ಎಸ್ಪ್ರೆಸೊಗಿಂತ ತುಸು ದಪ್ಪ ಬೀಸಿಕೊಡಿ ಎಂದು ಕೇಳಿದರೆ ಹತ್ತಿರ ಬರುತ್ತದೆ.

ಬಣ್ಣವಿದೆ, ರುಚಿಯಿಲ್ಲ

ಡಿಕಾಕ್ಷನ್ ಕಪ್ಪಗೆ, ದಪ್ಪಗೆ ಇದೆ. ಹಾಲಿಗೆ ಹಾಕಿದರೆ ಬಣ್ಣವೂ ಬರುತ್ತದೆ. ಆದರೆ ಘಮವಿಲ್ಲ, ಕುಡಿದ ಮೇಲೆ ತಲೆ ಚುರುಕಾಗುವುದೂ ಇಲ್ಲ. ಇದು ಚಿಕೋರಿಯ ಗುರುತು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದರೆ ನೀರಿನಲ್ಲಿ ಕರಗುವ ಅಂಶ ಕಾಫಿಗಿಂತ ಬಹಳ ಹೆಚ್ಚು, ಹಾಗಾಗಿ ಬಣ್ಣಕ್ಕೆ ಬರವಿಲ್ಲ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51 ಭಾಗ ಕಾಫಿ ಇರಬೇಕು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ದೊಡ್ಡ ಅಕ್ಷರದಲ್ಲಿ 'ಪ್ಯೂರ್' ಎಂಬಂಥ ಮಾತು, ಹಿಂಬದಿಯಲ್ಲಿ ಸಾಸಿವೆ ಅಕ್ಷರದಲ್ಲಿ 53-47 ಇರುವ ಪೊಟ್ಟಣಗಳೂ ಉಂಟು. ಹಿಂಬದಿ ಓದಿ.

ಬಿಡಿಯಾಗಿ ಕೊಂಡ ಪುಡಿಯಾದರೆ ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಒಂದು ಚಿಟಿಕೆ ಉದುರಿಸಿ, ಅಲುಗಿಸದೆ ನೋಡುತ್ತ ನಿಲ್ಲಿ. ಕಾಫಿ ತೇಲುತ್ತದೆ. ಚಿಕೋರಿ ಬೇಗ ನೀರು ಕುಡಿದು, ಕಂದು ಗೆರೆಗಳನ್ನು ಬಿಡುತ್ತ ಕೆಳಗಿಳಿಯುತ್ತದೆ. ಪ್ರಮಾಣ ಹೇಳುವ ಪರೀಕ್ಷೆಯಲ್ಲ ಇದು, ಆದರೆ ಅಪ್ಪಟ ಎಂದು ಕೊಟ್ಟದ್ದರಲ್ಲಿ ಗೆರೆ ಕಂಡರೆ ಕೇಳುವ ಹಕ್ಕು ನಿಮಗಿದೆ.

ಚಿಕೋರಿಯನ್ನು ಹೀಗೆ ಆರೋಪಿ ಸ್ಥಾನದಲ್ಲಿ ನಿಲ್ಲಿಸಿದೆನೆಂದು ಅದರ ಮೇಲೆ ನನಗೆ ದ್ವೇಷವಿಲ್ಲ. ಹಾಲಿನ ಕಾಫಿಗೆ 15-20 ಭಾಗ ಚಿಕೋರಿ ಒಂದು ಮೈಕಟ್ಟು ಕೊಡುತ್ತದೆ. 40 ದಾಟಿದರೆ ಅದನ್ನು ಕಾಫಿ ಎನ್ನಲು ನನ್ನ ಬಾಯಿ ಬಾರದು.

ಚಿಕೋರಿ ಸರಿಯಾಗಿಯೇ ಇದ್ದು ಘಮ ಮಾತ್ರ ಇಲ್ಲವೆಂದರೆ ಪುಡಿ ಆರಿದೆ. ಬೀಸಿದ ಕಾಫಿಯ ಪರಿಮಳ ಎರಡು ವಾರ ಕಳೆದ ಮೇಲೆ ಹೇಳಿಕೊಳ್ಳುವಂತಿರುವುದಿಲ್ಲ. ಅರ್ಧ ಕಿಲೋ ಒಟ್ಟಿಗೆ ತರುವ ಬದಲು ವಾರಕ್ಕೆ ಬೇಕಾದಷ್ಟು, 100 ಅಥವಾ 200 ಗ್ರಾಂ ತನ್ನಿ. ಡಬ್ಬಿ ಗಾಳಿಯಾಡದಂತಿರಲಿ, ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ. ಫ್ರಿಜ್‌ನಲ್ಲಿಟ್ಟು ದಿನಕ್ಕೆರಡು ಸಲ ತೆಗೆದು ಮುಚ್ಚುವುದು ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿನ ತೇವ ತಣ್ಣನೆ ಪುಡಿಯ ಮೇಲೆ ಕೂರುತ್ತದೆ, ಪಕ್ಕದ ಹುಳಿಯ ವಾಸನೆಯೂ ಬಂದು ಸೇರುತ್ತದೆ. ಅಂಗಡಿಯಲ್ಲಿ ಬೀಸಿಸುವಾಗ ಇನ್ನೊಂದು ಮಾತು: ಯಂತ್ರದ ಬಾಯಲ್ಲಿ ಹಿಂದಿನ ಗಿರಾಕಿಯ ಪುಡಿ ಉಳಿದಿರುತ್ತದೆ. ನೀವು ಪೀಬೆರಿ ಮತ್ತು ಪ್ಲಾಂಟೇಷನ್ ಎ ದರ್ಜೆಯ ಬೀಜ ಕೇಳಿದ್ದರೂ ಮೊದಲ ಹಿಡಿಯಲ್ಲಿ ಬೇರೊಬ್ಬರ ರೋಬಸ್ಟಾ ಎಂಬ ಕಹಿ ಜಾತಿಯ ಪುಡಿ ಬರಬಹುದು.

ಕಹಿ, ಒಗರು, ಹುಳಿ

ಈ ಮೂರನ್ನೂ ಸೇರಿಸಿ 'ಕಾಫಿ ಕಹಿಯಾಗಿದೆ' ಅಂದುಬಿಡುತ್ತೇವೆ. ನಾಲಗೆಗೆ ಸ್ವಲ್ಪ ಕೆಲಸ ಕೊಟ್ಟರೆ ಬೇರೆಬೇರೆ ಸಿಗುತ್ತವೆ. ಕುಡಿದ ಮೇಲೆ ನಾಲಗೆ ಒಣಗಿ, ಎಳೆಯ ಬಾಳೆಕಾಯಿ ಕಚ್ಚಿದಂತೆ ಬಾಯಿ ಹಿಡಿದುಕೊಂಡರೆ ಅದು ಒಗರು. ಪುಡಿಯಿಂದ ಹೀರಬೇಕಾದ್ದಕ್ಕಿಂತ ಹೆಚ್ಚು ಹೀರಿದ್ದೇವೆ ಎಂದರ್ಥ. ಫಿಲ್ಟರ್ ಗಂಟೆಗಟ್ಟಲೆ ಇಳಿದಿರಬಹುದು, ಅಥವಾ ಎರಡನೇ ಡಿಕಾಕ್ಷನ್ ಮೊದಲನೆಯದರ ಜೊತೆ ಬೆರೆತಿರಬಹುದು. ಎರಡನೆಯದು ಬೇಡವೆನ್ನುವುದಿಲ್ಲ, ಬೆಲೆ ಏರಿದ ಕಾಲ. ಅದನ್ನು ಬೇರೆ ಪಾತ್ರೆಯಲ್ಲಿ ಹಿಡಿದು ಸಂಜೆಗೆ ಇಟ್ಟುಕೊಳ್ಳಿ, ಮೊದಲನೆಯದಕ್ಕೆ ಸೇರಿಸಬೇಡಿ.

ಸೀದ ವಾಸನೆಯ ಕಹಿ ಹುರಿತದಲ್ಲೇ ಇದ್ದರೆ ಮನೆಯಲ್ಲಿ ಮಾಡುವುದು ಹೆಚ್ಚಿಲ್ಲ. ನೀರನ್ನು ಇನ್ನೊಂದು ನಿಮಿಷ ಆರಿಸಿ ಹಾಕಿದರೆ ಕೊಂಚ ತಗ್ಗುತ್ತದೆ. ಆದರೆ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕಹಿಯಾದರೆ ತಪ್ಪು ಒಲೆಯದು: ಡಿಕಾಕ್ಷನ್ ಅನ್ನು ಮತ್ತೆ ಕುದಿಸಿದ್ದೀರಿ. ಕುದಿಸಿದರೆ ಘಮ ಹಾರುತ್ತದೆ, ಕಹಿ ಉಳಿಯುತ್ತದೆ. ಬಿಸಿ ಬೇಕೆಂದರೆ ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಎರಡು ನಿಮಿಷ ಇಳಿಸಿಡಿ. ಯಾವತ್ತೂ ಒಂದೇ ಥರ ಕಮಟು ಕಹಿ ಇದ್ದರೆ ಫಿಲ್ಟರ್‌ನ ಒಳಮೈ ಮೂಸಿ ನೋಡಿ. ಹಳೆಯ ಎಣ್ಣೆಯ ವಾಸನೆ ಬಂದರೆ ಮೇಲೆ ಹೇಳಿದ ಸೋಡಾ ನೀರು ಮತ್ತೆ ಕೆಲಸಕ್ಕೆ ಬರುತ್ತದೆ.

ರೋಬಸ್ಟಾ ಬೀಜದ ಕಹಿ ದೋಷವಲ್ಲ, ಅದರ ಸ್ವಭಾವ. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾದಲ್ಲಿ ಕೆಫೀನ್ ಸುಮಾರು ನೂರಕ್ಕೆ 1.2 ಇದ್ದರೆ ರೋಬಸ್ಟಾದಲ್ಲಿ ಸುಮಾರು 2.2. ಕೊಡಗಿನ ರೋಬಸ್ಟಾ ಸೇರಿದ ಪುಡಿ ಹಾಲಿನಲ್ಲೂ ತನ್ನ ದನಿ ಉಳಿಸಿಕೊಳ್ಳುತ್ತದೆ, ಅದಕ್ಕೆಂದೇ ಇಷ್ಟಪಡುವವರಿದ್ದಾರೆ.

ಹುಳಿಯಲ್ಲಿ ಎರಡುಂಟು. ತಾಜಾ ಡಿಕಾಕ್ಷನ್ ಹುಳಿಯಾಗಿದ್ದು ತೆಳುವಾಗಿಯೂ ಇದ್ದರೆ ನೀರಿನ ಬಿಸಿ ಸಾಲದು, ಅಥವಾ ತೀರಾ ಬೇಗ ಇಳಿದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಮಡಿಕೇರಿಯಲ್ಲಿ ಅದಕ್ಕೂ ಒಂದು ಡಿಗ್ರಿ ಕಡಿಮೆ. ಮಂಗಳೂರಿನ ಅತ್ತಿಗೆ ಹೇಳಿದಂತೆ ನೀರನ್ನು ಎರಡು ನಿಮಿಷ ಆರಿಸಿದರೆ ಮಡಿಕೇರಿಯ ಚಳಿಗೆ ಅದು ತಣ್ಣಗಾಯಿತು ಎಂದೇ ಲೆಕ್ಕ. ಚಳಿಗಾಲದಲ್ಲಿ ಫಿಲ್ಟರ್‌ನ ಎರಡೂ ಪಾತ್ರೆಗಳನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಆಮೇಲೆ ಪುಡಿ ಹಾಕಿ. ಎರಡನೇ ಬಗೆಯ ಹುಳಿ ನಿಂತ ಡಿಕಾಕ್ಷನ್‌ದು. ಇಳಿದ ಡಿಕಾಕ್ಷನ್ ಹೊತ್ತು ಕಳೆದಂತೆ ಹುಳಿಯಾಗುತ್ತಲೇ ಹೋಗುತ್ತದೆ. ಹೊರಗಿಟ್ಟರೆ ಸಂಜೆಯೊಳಗೆ, ಫ್ರಿಜ್‌ನಲ್ಲಾದರೆ ಮರುದಿನ ಬೆಳಿಗ್ಗೆಯೊಳಗೆ ಮುಗಿಸಿ.

ನೀರು

ಮನೆ ಬದಲಿಸಿದ ಮೇಲೆ ಕಾಫಿ ಕೆಟ್ಟಿತೆಂದರೆ ನೀರನ್ನು ಅನುಮಾನಿಸಿ. ಗಡಸು ಬೋರ್‌ವೆಲ್ ನೀರಿನಲ್ಲಿರುವ ಕ್ಷಾರ ಕಾಫಿಯ ಒಳ್ಳೆಯ ಹುಳಿಯನ್ನು ಅಳಿಸಿಹಾಕುತ್ತದೆ, ರುಚಿ ಮಣ್ಣುಮಣ್ಣು. ಆರ್‌ಓ ನೀರಿನದು ಇದಕ್ಕೆ ತಿರುಗುಮುರುಗು: ಲವಣಗಳೇ ಇಲ್ಲದ ನೀರು ಪುಡಿಯ ರುಚಿಯನ್ನು ಸರಿಯಾಗಿ ಎತ್ತಿಕೊಳ್ಳುವುದಿಲ್ಲ, ಕಾಫಿ ಚುರುಕಾಗಿದ್ದೂ ಟೊಳ್ಳು. ಕಾಫಿ ರುಚಿ ನೋಡುವ ವೃತ್ತಿಯವರು ಲೀಟರಿಗೆ ಸುಮಾರು 150 ಮಿಲಿಗ್ರಾಂ ಕರಗಿದ ಲವಣವಿರುವ ನೀರನ್ನು ಮಾದರಿ ಎನ್ನುತ್ತಾರೆ. ಆರ್‌ಓ ಯಂತ್ರ ಹಾಕಲು ಬಂದವರ ಬಳಿ ಇರುವ ಪೆನ್ನಿನಂಥ ಮೀಟರ್ ಅಳೆಯುವುದು ಇದನ್ನೇ. ಮೀಟರ್ ಇಲ್ಲದಿದ್ದರೆ ಒಂದೇ ಪುಡಿಯಲ್ಲಿ ಒಂದು ಸಲ ಆರ್‌ಓ ನೀರು, ಇನ್ನೊಂದು ಸಲ ಕುದಿಸಿ ತಿಳಿಯಾಗಿಸಿದ ಕಾವೇರಿ ನೀರು ಹಾಕಿ ಹೋಲಿಸಿ. ಬೆಂಗಳೂರು, ಮೈಸೂರಿನವರಿಗೆ ಕಾವೇರಿಯೇ ಗೆಲ್ಲುವುದು ಹೆಚ್ಚು.

ಹಾಲು ಒಡೆಯುತ್ತದೆ, ಕಾಫಿ ಆರಿರುತ್ತದೆ

ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. ತಾಜಾ ಹಾಲಿನ ಪಿಎಚ್ ಸುಮಾರು 6.7, ಕಾಫಿಯದು ಸುಮಾರು 5. ಬಿಸಿಯಲ್ಲಿ ಇವೆರಡೂ ಹೊಂದಿಕೊಂಡು ಹೋಗುತ್ತವೆ. ಹಾಲು ಒಳಗೊಳಗೇ ಹುಳಿಯಾಗಲು ಶುರುವಾಗಿದ್ದು, ಡಿಕಾಕ್ಷನ್ ಕೂಡ ನಿನ್ನೆಯದಾಗಿದ್ದರೆ ಎರಡರ ಹುಳಿಯೂ ಸೇರಿ ಲೋಟದಲ್ಲಿ ಚೂರುಚೂರು ತೇಲುತ್ತದೆ. ಯಾರು ತಪ್ಪಿತಸ್ಥರು ಎಂದು ತಿಳಿಯಲು ಎರಡು ಚಮಚ ಹಾಲನ್ನು ಬೇರೆಯಾಗಿ ಕುದಿಸಿ. ಒಡೆದರೆ ಹಾಲು, ಒಡೆಯದಿದ್ದರೆ ಡಿಕಾಕ್ಷನ್. ಬೆಲ್ಲ ಹಾಕುವವರಿಗೆ ಮೂರನೇ ಆರೋಪಿಯೂ ಇದ್ದಾನೆ. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಬೇಡಿ, ಒಲೆ ಆರಿಸಿ, ಕಾಫಿ ಬೆರೆಸಿದ ಮೇಲೆ ಕೊನೆಯಲ್ಲಿ ಹಾಕಿ.

ಆರಿದ ಕಾಫಿಯ ದೂರು ಕೇಳಲು ಹಾಲಿನದು, ಅಸಲಿಗೆ ಹೆಚ್ಚಿನ ಸಲ ಡಿಕಾಕ್ಷನ್‌ದು. ಲೆಕ್ಕ ನೋಡಿ: 150 ಮಿಲಿ ಹಾಲು 95 ಡಿಗ್ರಿಯಲ್ಲಿ, 50 ಮಿಲಿ ಡಿಕಾಕ್ಷನ್ 30 ಡಿಗ್ರಿಯಲ್ಲಿ ಸೇರಿದರೆ ಕಾಫಿ ಸುಮಾರು 79 ಡಿಗ್ರಿ, ಊದಿ ಕುಡಿಯುವ ಬಿಸಿ. ಡಿಕಾಕ್ಷನ್ ತೆಳುವಾಗಿದೆಯೆಂದು ಅರ್ಧಕ್ಕರ್ಧ ಹಾಕಿದರೆ 62ಕ್ಕೆ ಇಳಿಯುತ್ತದೆ. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದರೆ ಮುಗಿಯಿತು. ಹಾಲನ್ನು ಇನ್ನಷ್ಟು ಕುದಿಸಿ ಫಲವಿಲ್ಲ, ಡಿಕಾಕ್ಷನ್ ಗಟ್ಟಿಮಾಡಬೇಕು. ಹಾಲಿನ ಜಿಡ್ಡಿನ ಮಾತು ಇಷ್ಟೇ: ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಫುಲ್ ಕ್ರೀಮ್‌ನಲ್ಲಿ 6. ತೆಳು ಹಾಲಿಗೆ ನೀರು ಬೆರೆಸುವುದನ್ನು ನಿಲ್ಲಿಸಿದರೇ ಅನೇಕ ಮನೆಗಳ ಕಾಫಿ ಅರ್ಧ ರಿಪೇರಿಯಾಗುತ್ತದೆ.

ಫಿಲ್ಟರ್ ಅಲ್ಲದ ಪಾತ್ರೆಗಳು

ಈಚೆಗೆ ಫ್ರೆಂಚ್ ಪ್ರೆಸ್ (ನೆನೆದ ಪುಡಿಯನ್ನು ಜಾಲರಿಯಿಂದ ಕೆಳಕ್ಕೊತ್ತುವ ಜಾಡಿ), ಮೋಕಾ ಪಾಟ್ ಮನೆಗೆ ಬಂದಿವೆ, ದೋಷಗಳೂ ಬಂದಿವೆ. ಅವುಗಳಲ್ಲಿ ದೊಡ್ಡದು ಒಂದೇ: ಫಿಲ್ಟರ್‌ಗೆ ತಂದ ಪುಡಿಯನ್ನೇ ಎಲ್ಲದಕ್ಕೂ ಹಾಕುವುದು. ಫ್ರೆಂಚ್ ಪ್ರೆಸ್‌ಗೆ ಬೇಕಾದದ್ದು ದಪ್ಪ ರವೆಯಂಥ, ಚಿಕೋರಿಯಿಲ್ಲದ ಪುಡಿ. ಫಿಲ್ಟರ್ ಪುಡಿ ಹಾಕಿದರೆ ಜಾಲರಿ ಅರ್ಧಕ್ಕೇ ನಿಲ್ಲುತ್ತದೆ, ಬಲ ಹಾಕಿ ಒತ್ತಿದರೆ ಬಿಸಿ ಕಾಫಿ ಕೈಮೇಲೆ ಚಿಮ್ಮುತ್ತದೆ. ನಿಂತರೆ ಒತ್ತಬೇಡಿ, ಸ್ವಲ್ಪ ಮೇಲೆತ್ತಿ ಮತ್ತೆ ಇಳಿಸಿ. 4 ನಿಮಿಷವಾದ ಮೇಲೆ ಅದರಲ್ಲೇ ಬಿಟ್ಟರೆ ಒಗರಾಗುತ್ತದೆ, ಪೂರ್ತಿ ಬಗ್ಗಿಸಿಕೊಳ್ಳಿ.

ಇಟಲಿಯಲ್ಲಿ 1933ರಲ್ಲಿ ಅಲ್ಫೋನ್ಸೊ ಬಿಯಾಲೆಟ್ಟಿ ತಂದ ಮೋಕಾ ಪಾಟ್ ಹಬೆಯ ಒತ್ತಡದಿಂದ ನೀರನ್ನು ಮೇಲೆ ತಳ್ಳುತ್ತದೆ. ನೀರು ಮೇಲೇರದೆ ನಡುವಿನ ಜೋಡಣೆಯಿಂದ ಹಬೆ ಸೋರಿದರೆ ರಬ್ಬರ್ ಉಂಗುರ ಗಟ್ಟಿಯಾಗಿದೆ ಅಥವಾ ಅಂಚಿನಲ್ಲಿ ಪುಡಿ ಸಿಕ್ಕಿದೆ. ಒಲೆಯಿಂದಿಳಿಸಿ, ಪೂರ್ತಿ ಆರಿದ ಮೇಲಷ್ಟೇ ಬಿಚ್ಚಿ. ನೀರು ಕೆಳಗಿನ ಸುರಕ್ಷತಾ ಕವಾಟದ ಕೆಳಮಟ್ಟ ದಾಟಬಾರದು, ಪುಡಿಯನ್ನು ಒತ್ತಬಾರದು. ಕಾಫಿ ಸೀದಂತಿದ್ದರೆ ಉರಿ ಸಣ್ಣ ಮಾಡಿ, ಗೊರಗೊರ ಸದ್ದು ಶುರುವಾದ ಕ್ಷಣ ಇಳಿಸಿ. ಇಂಡಕ್ಷನ್ ಒಲೆ ಗುರುತೇ ಹಿಡಿಯುತ್ತಿಲ್ಲವೆಂದರೆ ಅದು ಅಲ್ಯೂಮಿನಿಯಂ ಪಾತ್ರೆ. ದೋಷವಲ್ಲ, ಆ ಒಲೆಗೆ ಕಬ್ಬಿಣದ ಗುಣವಿರುವ ತಳ ಬೇಕು.

ಮಲೆನಾಡಿನ, ಕೊಡಗಿನ ಮನೆಗಳ ಕುದಿಸಿದ ಬೆಲ್ಲದ ಕಾಫಿಗೆ ಇದ್ಯಾವ ಗೋಜೂ ಇಲ್ಲ. ಅಲ್ಲಿ ಕೆಡುವುದು ಎರಡೇ. ಪುಡಿ ಹಾಕಿದ ಮೇಲೆ ಕುದಿಸುತ್ತಲೇ ಇದ್ದರೆ ಕಷಾಯವಾಗುತ್ತದೆ. ಬೆಲ್ಲದ ನೀರು ಕುದಿದು, ಪುಡಿ ಹಾಕಿ, ಒಂದು ಉಬ್ಬು ಬಂದ ಕೂಡಲೇ ಇಳಿಸಿ ಮುಚ್ಚಿ. ಗಸಿ ಕೂರದಿದ್ದರೆ ಒಂದು ಚಮಚ ತಣ್ಣೀರು ಮೇಲಿನಿಂದ ಚಿಮುಕಿಸಿ. ಇನ್ನೊಂದು, ಸೋಸುವ ಬಟ್ಟೆ. ಸೋಪು ಹಾಕಿ ತೊಳೆದರೆ ಮುಂದಿನ ಲೋಟದಲ್ಲಿ ಸೋಪಿನ ವಾಸನೆ, ತೊಳೆಯದೆ ಮಡಚಿಟ್ಟರೆ ಮುಗ್ಗಲು ವಾಸನೆ. ಬಿಸಿನೀರಿನಲ್ಲಿ ಹಿಂಡಿ ಬಿಸಿಲಿಗೆ ಒಣಹಾಕಿ, ಮಳೆಗಾಲದಲ್ಲಿ ಒಣಗದಿದ್ದರೆ ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ, ನೀರನ್ನು ದಿನಾ ಬದಲಿಸಿ. ಬಟ್ಟೆಯಿಂದ ಕಾಫಿ ಇಳಿಯುವುದು ನಿಧಾನವಾದರೆ ನೇಯ್ಗೆಯ ಸಂದು ಮುಚ್ಚಿದೆ. ಒಮ್ಮೆ ಸೋಡಾ ನೀರಿನಲ್ಲಿ ಕುದಿಸಿ ನೋಡಿ, ಆದರೂ ಇಳಿಯದಿದ್ದರೆ ಹೊಸ ಮಲ್ ಬಟ್ಟೆ ಹರಿದುಕೊಳ್ಳಿ.